ಶೇಕಡಾ ಲೆಕ್ಕಕ್ಕೆ ಸಿಗದ ಋಣ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಪ್ರಬಂಧ ಒಪ್ಪಿಸುವ ದಿನಗಳಿವು. ಸಾಗರದ ಡಿಟಿಪಿ ಅಂಗಡಿಗಳಲ್ಲಿ ರಾತ್ರಿ ಹತ್ತರವರೆಗೂ ದೀಪ ಉರಿಯುತ್ತಿದೆ, ರಟ್ಟು ಕಟ್ಟುವವರಿಗೆ ಬಿಡುವಿಲ್ಲ. ಕಳೆದ ವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ತನ್ನ ಸಂಪ್ರಬಂಧವನ್ನು ರಟ್ಟು ಕಟ್ಟಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ನನ್ನಲ್ಲಿಗೆ ತಂದಳು. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಮತ್ತು ಆ ಹೊತ್ತಿಗೆ ಹೆಂಗಸರು ಹೇಳುವ ಹಾಡುಗಳು ಅವಳ ವಿಷಯ. ಎಲ್ಲಕ್ಕಿಂತ ಮೇಲೆ, ಮುಖಪುಟಕ್ಕೂ ಮೊದಲು, ಬೇರೆಯವರ ಬರಹಗಳೊಡನೆ ಹೋಲಿಕೆ ಪತ್ತೆಮಾಡುವ ತಂತ್ರಾಂಶ ಕೊಟ್ಟ ವರದಿಯನ್ನು ಲಗತ್ತಿಸಿದ್ದಳು: ಹೋಲಿಕೆ ಶೇಕಡಾ 7. ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಸಮಾಧಾನವಿತ್ತು.

ಓದುತ್ತ ಹೋದಂತೆ ಮೂರನೆಯ ಅಧ್ಯಾಯದ ಹನ್ನೊಂದು ಪುಟಗಳು ನನಗೆ ಪರಿಚಿತವೆನ್ನಿಸಿದವು. ದಶಕಗಳ ಹಿಂದೆ ಅಚ್ಚಾಗಿ ಈಗ ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಷ್ಟೇ ಸಿಗುವ ಜನಪದ ಗೀತೆಗಳ ಸಂಕಲನವೊಂದರ ಪೀಠಿಕೆ ಅಲ್ಲಿ ಹೆಚ್ಚುಕಡಿಮೆ ಹಾಗೆಯೇ ಕೂತಿತ್ತು. ಉದ್ಧರಣ ಚಿಹ್ನೆಯಾಗಲಿ, ಅಡಿಟಿಪ್ಪಣಿಯಾಗಲಿ ಇರಲಿಲ್ಲ, ಕೊನೆಯ ಗ್ರಂಥಋಣದ ಪಟ್ಟಿಯಲ್ಲಿಯೂ ಆ ಪುಸ್ತಕದ ಹೆಸರಿರಲಿಲ್ಲ. ಇದು ಬೇರೆಯವರ ಬರಹವಲ್ಲವೇನಮ್ಮ ಎಂದು ಕೇಳಿದೆ. ಅವಳು ಒಂದು ಗಳಿಗೆಯೂ ತಡೆಯದೆ, "ಹೌದು ಮೇಡಂ, ಆದರೆ ಅದು ಪರ್ಸೆಂಟೇಜಿನಲ್ಲಿ ಬರಲಿಲ್ಲವಲ್ಲ" ಎಂದಳು. ಕದ್ದು ಸಿಕ್ಕಿಬಿದ್ದವರ ಉತ್ತರ ಅದಲ್ಲ. ನಿಜವಾಗಿಯೂ ಹಾಗೆಂದು ತಿಳಿದವಳ ಉತ್ತರ. ತಪ್ಪು ಎಂದರೆ ಯಂತ್ರಕ್ಕೆ ಸಿಕ್ಕಿದ್ದು, ಸಿಗದಿದ್ದುದು ತಪ್ಪಲ್ಲ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಾರರು. ಆದರೆ ನಾವೆಲ್ಲ ನಡೆದುಕೊಳ್ಳುತ್ತಿರುವ ರೀತಿಯಿಂದ ಅವಳು ಕಲಿತದ್ದು ಅದನ್ನೇ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೂ ಇದರಲ್ಲಿ ಪಾಲಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ನಿಯಮವನ್ನು ಓದದೆ ಅದರ ಒಂದು ಅಂಕಿಯನ್ನು ಮಾತ್ರ ಬಾಯಿಪಾಠ ಮಾಡಿದವರೇ ಹೆಚ್ಚು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯ ನಿಯಮಾವಳಿಯನ್ನು ಹೊರಡಿಸಿತು. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷದ ಕಾಲ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಈ ಲೆಕ್ಕದಿಂದ ಉದ್ಧರಿಸಿ ಹೆಸರು ಹೇಳಿದ ಭಾಗವನ್ನು, ಪರಾಮರ್ಶನ ಪಟ್ಟಿಯನ್ನು, ಕೃತಜ್ಞತೆಯ ಪುಟವನ್ನು, ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಸಂಗತಿಗಳನ್ನು, ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗಿನ ಸಾಲನ್ನು ಹೊರಗಿಡಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಅಂದರೆ ಶೇಕಡಾ 10 ಎಂಬುದು ಯಂತ್ರದ ಎಣಿಕೆಯಲ್ಲಿ ಆಗಬಹುದಾದ ಹೆಚ್ಚುಕಡಿಮೆಗೆ ಬಿಟ್ಟ ಅಂಚು. ಗದ್ದೆಯ ಬದುವನ್ನು ಯಾರೂ ಉಳುವುದಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳು ಆ ಹತ್ತನ್ನು ಬಿತ್ತಲು ಬಿಟ್ಟ ಜಾಗವೆಂದೇ ತಿಳಿದಿದ್ದಾರೆ. ನೂರು ಪುಟದಲ್ಲಿ ಹತ್ತು ಪುಟ ಬೇರೆಯವರದನ್ನು ಸೇರಿಸಬಹುದಂತೆ ಎಂದು ಪದವೀಧರರೊಬ್ಬರು ನನ್ನೆದುರಿಗೇ ಇನ್ನೊಬ್ಬರಿಗೆ ವಿವರಿಸಿದ್ದನ್ನು ಕೇಳಿದ್ದೇನೆ.

ಇದೇ ನಿಯಮಾವಳಿಯು ಪ್ರತಿ ಸೆಮಿಸ್ಟರಿನಲ್ಲೂ ಈ ಕುರಿತು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿವಳಿಕೆ ನೀಡುವ ಕಾರ್ಯಕ್ರಮ ನಡೆಯಬೇಕು, ಆಕರಗಳನ್ನು ಹೇಗೆ ಸ್ಮರಿಸಬೇಕೆಂದು ಕಲಿಸಬೇಕು ಎಂದು ಕೂಡ ವಿಧಿಸಿದೆ. ಅಂಕಿ ನೆನಪಿನಲ್ಲಿ ಉಳಿಯಿತು, ಕಲಿಸಬೇಕೆಂಬ ಮಾತು ಕಡತದಲ್ಲಿ ಉಳಿಯಿತು.

ಇನ್ನು ಆ ಯಂತ್ರದ ವಿಚಾರ. 2019ರಲ್ಲಿ ಆರಂಭವಾದ ಶೋಧಶುದ್ಧಿ ಯೋಜನೆಯಡಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಪತ್ತೆಮಾಡುವ ತಂತ್ರಾಂಶವನ್ನು ಒದಗಿಸುತ್ತ ಬಂದಿದೆ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ತೆರೆದು ಓದಲೆಂದು ಅದೇ ಕೇಂದ್ರ ಶೋಧಗಂಗಾ ಭಂಡಾರವನ್ನು ನಡೆಸುತ್ತಿದೆ. ಇವೆರಡೂ ಒಳ್ಳೆಯ ಕೆಲಸಗಳು, ಇವುಗಳ ವಿರುದ್ಧ ನನ್ನ ಮಾತಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ವಿಜ್ಞಾನ ವಿಭಾಗಗಳಲ್ಲಿ ಇವುಗಳಿಂದ ನಿಜವಾದ ಪ್ರಯೋಜನವೂ ಆಗಿರಬಹುದು. ಆದರೆ ಕನ್ನಡದಲ್ಲಿ ಬರೆದ ಪ್ರಬಂಧಕ್ಕೆ ಆ ವರದಿ ಎಷ್ಟರ ಮಟ್ಟಿನ ಸಾಕ್ಷಿ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನಮ್ಮ ಹಳೆಯ ಪುಸ್ತಕಗಳಲ್ಲಿ ಬಹುಪಾಲು ಇನ್ನೂ ಗಣಕಕ್ಕೆ ಏರಿಲ್ಲ. ಏರಿದವುಗಳಲ್ಲಿ ಅನೇಕವು ಬರಿಯ ಚಿತ್ರಗಳಾಗಿ ಏರಿವೆ. ಕಣ್ಣಿಗೆ ಅಕ್ಷರ ಕಂಡರೂ ಯಂತ್ರಕ್ಕೆ ಅದು ಫೋಟೋ. ವರ್ಷಗಟ್ಟಲೆ ನಾವೆಲ್ಲ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಟೈಪು ಮಾಡಿಸಿದೆವು. ಆ ಸಂಕೇತದಲ್ಲಿ ತೆರೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಒಳಗೆ ದಾಖಲಾಗಿರುವುದು ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥವಿಲ್ಲದ ಸಾಲು. ಯೂನಿಕೋಡಿನಲ್ಲಿ ಬರೆದ ಇಂದಿನ ಪ್ರಬಂಧವನ್ನು ಆ ಹಳೆಯ ಪ್ರಬಂಧದ ಪಕ್ಕದಲ್ಲಿಟ್ಟರೆ, ಎರಡೂ ಪದಕ್ಕೆ ಪದ ಒಂದೇ ಆಗಿದ್ದರೂ, ಯಂತ್ರಕ್ಕೆ ಹೋಲಿಕೆ ಕಾಣುವುದಿಲ್ಲ. ಇಂಗ್ಲಿಷ್ ಲೇಖನವೊಂದನ್ನು ಇಡಿಯಾಗಿ ಕನ್ನಡಿಸಿ ತನ್ನದೆಂದು ಒಪ್ಪಿಸಿದವನೂ ಬಹುಮಟ್ಟಿಗೆ ಸುರಕ್ಷಿತ. ಹೀಗಿರುವಾಗ ಕನ್ನಡ ಪ್ರಬಂಧದ ಮೇಲಿನ ಶೇಕಡಾ 7 ಎಂಬ ಮುದ್ರೆ, ಯಂತ್ರಕ್ಕೆ ಎಷ್ಟು ಗೊತ್ತಿದೆ ಎಂಬುದನ್ನು ಹೇಳುತ್ತದೆಯೇ ಹೊರತು ವಿದ್ಯಾರ್ಥಿ ಎಷ್ಟು ಪ್ರಾಮಾಣಿಕ ಎಂಬುದನ್ನಲ್ಲ.

ಅಂಕಿಯ ಭಯ ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಹುಟ್ಟಿಸಿದೆ, ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಹೋಲಿಕೆ ಹೆಚ್ಚು ಬಂದರೆ ವಿದ್ಯಾರ್ಥಿ ಮೂಲ ಲೇಖಕನ ಹೆಸರು ಬರೆಯುವುದಿಲ್ಲ, ಪದಗಳನ್ನು ಬದಲಿಸುತ್ತಾನೆ. ಬದಲಿಸಿಕೊಡುವ ಅಂಗಡಿಗಳೂ ಇವೆ, ಪುಟಕ್ಕಿಷ್ಟು ಎಂದು ದರವಿದೆ. ಕೆಳದಿ ಅರಸರ ಆಡಳಿತವನ್ನು ಕುರಿತ ಒಂದು ಬರಹದಲ್ಲಿ ಶಿವಪ್ಪನಾಯಕನು ಜಾರಿಗೆ ತಂದ 'ನಿಯಮಪಾಲನೆ'ಯ ವಿಷಯ ಓದಿ ನಾನು ಬಹಳ ಹೊತ್ತು ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು: ಅದು ಶಿವಪ್ಪನಾಯಕನ ಶಿಸ್ತು. ಶಿಸ್ತು ಎಂದರೆ ಅಲ್ಲಿ ನಡತೆಯ ಶಿಸ್ತಲ್ಲ; ಭೂಮಿಯ ತರವನ್ನೂ ಫಸಲನ್ನೂ ನೋಡಿ ನಿಗದಿಪಡಿಸಿದ ಕಂದಾಯ ಪದ್ಧತಿ, ಮಲೆನಾಡಿನ ರೈತರ ಬಾಯಲ್ಲಿ ತಲೆಮಾರುಗಳ ಕಾಲ ಉಳಿದ ಮಾತು. ಅದೇ ಬರಹದಲ್ಲಿ 'ಉಂಬಳಿ' ಹೋಗಿ 'ಬಹುಮಾನ' ಬಂದಿತ್ತು. ಉಂಬಳಿಗೂ ಬಹುಮಾನಕ್ಕೂ ಇರುವ ವ್ಯತ್ಯಾಸ ಇತಿಹಾಸ ಓದುವವರಿಗೆ ಗೊತ್ತು: ಒಂದು ಸೇವೆಗೆ ಬಿಟ್ಟ ಭೂಮಿ, ಅದರ ಹಿಂದೆ ಹಕ್ಕು ಬಾಧ್ಯತೆಗಳ ಒಂದು ಲೋಕವೇ ಇದೆ, ಇನ್ನೊಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಕೊಡುವಂಥದ್ದು. ಕದ್ದದ್ದೂ ಆಯಿತು, ಕದ್ದ ಮಾಲು ಕೆಟ್ಟದ್ದೂ ಆಯಿತು. ಹಾಗೆಯೇ ಬಿಟ್ಟು ಒಂದು ಉದ್ಧರಣ ಚಿಹ್ನೆ, ಒಂದು ಅಡಿಟಿಪ್ಪಣಿ ಹಾಕಿದ್ದರೆ ವಿದ್ಯಾರ್ಥಿಗೂ ಗೌರವ, ಮೂಲ ಲೇಖಕರಿಗೂ ಗೌರವ, ಮುಂದೆ ಓದುವವರಿಗೆ ಸರಿಯಾದ ಪದವೂ ಸಿಗುತ್ತಿತ್ತು.

ಅಡಿಟಿಪ್ಪಣಿ ಎಂದರೆ ಪಾಶ್ಚಾತ್ಯರಿಂದ ಬಂದ ಕಟ್ಟುಪಾಡು, ನಮ್ಮದಲ್ಲ ಎಂದು ಹೇಳುವವರಿದ್ದಾರೆ. ಅಂಥವರು ಒಮ್ಮೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನೋಡಿ ಬರಬೇಕು. ಐದನೆಯ ಶತಮಾನದ ಆ ಸಂಸ್ಕೃತ ಶಾಸನವು ಕದಂಬರ ವಂಶದ ಕಥೆಯನ್ನು ಹೇಳುತ್ತ, ಕೆರೆಯನ್ನು ಕಟ್ಟಿಸಿದವನು ಕಾಕುತ್ಸ್ಥವರ್ಮ, ಶಾಸನ ಬರೆಯಲು ಅಪ್ಪಣೆ ಕೊಟ್ಟವನು ಅವನ ಮಗ ಶಾಂತಿವರ್ಮ, ತನ್ನದೇ ಆದ ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನು ಕುಬ್ಜನೆಂಬ ಕವಿ ಎಂದು ಒಬ್ಬೊಬ್ಬರ ಪಾಲನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಕೆರೆ ಯಾರದು, ಆಜ್ಞೆ ಯಾರದು, ಮಾತು ಯಾರದು ಎಂಬ ಮೂರನ್ನೂ ಬೆರೆಸದ ಆ ಎಚ್ಚರ ಸಾವಿರದೈನೂರು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ನೆಲದಲ್ಲಿಯೇ ಇತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ಕನ್ನಡಕ್ಕೆ ವ್ಯಾಕರಣ ಬರೆಯುವಾಗ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಮಾರ್ಗವೇ ತನ್ನ ಪ್ರಯೋಗಗಳಿಗೆ ಆಧಾರವೆಂದು ಹೆಸರು ಹಿಡಿದು ಹೇಳಿದ. ಅವರಲ್ಲಿ ಗಜಗನ ಕೃತಿ ನಮಗೆ ದೊರೆತಿಲ್ಲ, ಒಂದನೆಯ ಗುಣವರ್ಮನ ಶೂದ್ರಕ ಎಂಬ ಕಾವ್ಯವೂ ದೊರೆತಿಲ್ಲ. ಓಲೆಗರಿ ಹುಳ ತಿಂದು ಹೋದ ಮೇಲೂ ಅವರು ಇದ್ದರೆಂದು ನಮಗೆ ತಿಳಿದಿರುವುದು ನಂತರದವರು ಹೆಸರು ಹೇಳಿದ್ದರಿಂದ. ಕೇಶಿರಾಜನು ಆ ಉದಾಹರಣೆಗಳನ್ನೆಲ್ಲ ತನ್ನವೆಂದು ಬರೆದುಕೊಂಡಿದ್ದರೆ ನಷ್ಟವಾಗುತ್ತಿದ್ದುದು ಸತ್ತ ಕವಿಗಳಿಗಲ್ಲ, ನಮಗೆ.

ತಾಳಗುಂದದ ಕಂಬವನ್ನೇ ಇಟ್ಟುಕೊಂಡು ಆಕರ ಹೇಳುವುದರಲ್ಲಿ ನಡೆಯುವ ಇನ್ನೊಂದು ಸಣ್ಣ ಅಪ್ರಾಮಾಣಿಕತೆಯನ್ನು ತೋರಿಸಬಹುದು. ಶಾಸನತಜ್ಞ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ 7ನೆಯ ಸಂಪುಟದಲ್ಲಿ, 1902ರಲ್ಲಿ, ಅದನ್ನು ಶಿಕಾರಿಪುರ 176 ಎಂದು ಪ್ರಕಟಿಸಿದರು. ಆಮೇಲೆ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಅದನ್ನು ಮತ್ತೆ ಸಂಪಾದಿಸಿದರು. ಇವೆರಡನ್ನೂ ತೆರೆದೇ ನೋಡದೆ, ಯಾವುದೋ ಪಠ್ಯಪುಸ್ತಕದ ಅಡಿಟಿಪ್ಪಣಿಯಿಂದ ಸಂಪುಟದ ಸಂಖ್ಯೆಯನ್ನು ಎತ್ತಿ ತನ್ನ ಪ್ರಬಂಧದಲ್ಲಿ ಹಾಕಿಕೊಳ್ಳುವುದು ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ತಪ್ಪೆಂದೇ ಎಣಿಸುವುದಿಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಿನ ತಪ್ಪಾಗಿ 176 ಎಂಬುದು 167 ಆದರೆ ಆ ತಪ್ಪು ಹತ್ತು ಪ್ರಬಂಧಗಳಲ್ಲಿ ಸಾಲಾಗಿ ನಡೆದುಹೋಗುತ್ತದೆ, ಹತ್ತು ಮಂದಿಯಲ್ಲಿ ಒಬ್ಬರೂ ಸಂಪುಟ ಮುಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗಿ ನಿಲ್ಲುತ್ತದೆ. ಮೂಲವನ್ನು ನೋಡಲಾಗದಿದ್ದರೆ, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು ಇದ್ದುದನ್ನು ಇದ್ದಂತೆ ಬರೆಯುವುದರಲ್ಲಿ ಅವಮಾನವೇನಿದೆ? ರೈಸ್ ತೀರಿಕೊಂಡದ್ದು 1927ರಲ್ಲಿ. ಲೇಖಕರ ನಿಧನಾನಂತರ 60 ವರ್ಷಗಳ ಕೃತಿಸ್ವಾಮ್ಯದ ಅವಧಿ ಯಾವಾಗಲೋ ಮುಗಿದಿದೆ, ಆದ್ದರಿಂದ ಅವರ ಪುಟಗಳನ್ನು ಯಾರು ಬೇಕಾದರೂ ಬಳಸಬಹುದು ಎಂದು ಒಬ್ಬರು ನನ್ನೊಡನೆ ವಾದಿಸಿದ್ದರು. ಬಳಸಬಹುದು, ನಿಜ. ಕಾನೂನಿನ ಹಕ್ಕು ಮುಗಿದರೆ ಹೆಸರು ಹೇಳುವ ಋಣವೂ ಮುಗಿಯುತ್ತದೆ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಪರಾಮರ್ಶನ ಪಟ್ಟಿಯನ್ನು ಗ್ರಂಥಋಣ ಎಂದು ಕರೆದವರು ಸುಮ್ಮನೆ ಕರೆಯಲಿಲ್ಲ.

ಹಾಗೆಂದು ಪ್ರತಿ ಸಾಲಿಗೂ ಟಿಪ್ಪಣಿ ಹಾಕಿ ಪುಟವನ್ನು ಮುಳ್ಳುಬೇಲಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಅದಕ್ಕೆ ಆಕರ ಬೇಕಿಲ್ಲ. ಇಂಥ ವರ್ಷ ಇಂಥ ತಾಲ್ಲೂಕಿನಲ್ಲಿ ಇಷ್ಟು ಮಂದಿಗೆ ಕಾಯಿಲೆ ಬಂತು ಎಂದು ಬರೆದರೆ ಆ ಲೆಕ್ಕ ಯಾರು ಇಟ್ಟದ್ದು ಎಂದು ಹೇಳಲೇಬೇಕು. ಈ ವಿವೇಕ ಒಂದೆರಡು ತರಗತಿಗಳಲ್ಲಿ ಬರುವಂಥದ್ದು, ಕಷ್ಟದ ವಿದ್ಯೆಯಲ್ಲ.

ಮಲೆನಾಡಿನಲ್ಲಿ ಕುಳಿತು ಆಕರದ ವಿಷಯ ಮಾತಾಡುವಾಗ ಪುಸ್ತಕಕ್ಕೆ ನಿಲ್ಲುವಂತಿಲ್ಲ. ನಮ್ಮ ವಿದ್ಯಾರ್ಥಿಗಳು ಆರಿಸಿಕೊಳ್ಳುವ ವಿಷಯಗಳಲ್ಲಿ ಎಷ್ಟೋ ವಿಷಯಗಳಿಗೆ ಆಕರ ಇರುವುದು ಮನುಷ್ಯರ ಬಾಯಲ್ಲಿ: ದೀಪಾವಳಿಯ ಅಂಟಿಗೆ ಪಂಟಿಗೆಯ ಹಾಡು, ಭೂಮಿ ಹುಣ್ಣಿಮೆಯ ಬುಟ್ಟಿಯ ಚಿತ್ತಾರ, ನಾಟಿ ವೈದ್ಯ, ಶರಾವತಿ ಮುಳುಗಡೆಯ ನೆನಪು. ಜಾನಪದ ಓದಿದವರು ಇಂಥ ಆಕರವನ್ನು ವಕ್ತೃ ಎನ್ನುತ್ತಾರೆ. ವಕ್ತೃವಿನ ಹೆಸರು, ಊರು, ವಯಸ್ಸು, ಸಂಗ್ರಹಿಸಿದ ದಿನ ಇವನ್ನು ಅನುಬಂಧದಲ್ಲಿ ಕೊಡಬೇಕೆಂಬುದು ಕ್ಷೇತ್ರಕಾರ್ಯದ ಮೊದಲ ಪಾಠ. ಈ ಪಾಠವನ್ನು ನಾನು ಕೇಳಿದ್ದೆ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಆದರೂ ಎಂ.ಎ. ವಿದ್ಯಾರ್ಥಿನಿಯಾಗಿದ್ದಾಗ ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಮೂರು ದಿನ ಒಬ್ಬ ಅಜ್ಜಿಯ ಮನೆಯಲ್ಲಿ ಉಂಡು, ಮಲಗಿ, ಅವರು ಹೇಳಿದ ಇಪ್ಪತ್ತಾರು ಹಾಡುಗಳನ್ನು ಬರೆದುಕೊಂಡು ಬಂದವಳು, ಪ್ರಬಂಧದಲ್ಲಿ 'ಹೊಸನಗರ ತಾಲ್ಲೂಕಿನ ಓರ್ವ ವೃದ್ಧೆಯಿಂದ ಸಂಗ್ರಹಿಸಿದ್ದು' ಎಂದಷ್ಟೇ ಬರೆದೆ. ಅವಸರವಿತ್ತು, ಹೆಸರು ಬರೆದ ಹಾಳೆ ಕೈಗೆ ಸಿಗಲಿಲ್ಲ, ಅಷ್ಟು ಮುಖ್ಯವೆಂದೂ ಆಗ ತೋರಲಿಲ್ಲ. ಅವುಗಳಲ್ಲಿ ಕೆಲವು ಹಾಡುಗಳನ್ನು ಆಮೇಲೆ ಒಂದು ಲೇಖನದಲ್ಲಿ ಸೇರಿಸಿದೆ. ಅಲ್ಲಿಂದ ಅವು ಬೇರೆ ಎರಡು ಪ್ರಬಂಧಗಳಿಗೆ ಹೋದವು, ಮತ್ತು ಆ ಇಬ್ಬರೂ ಬಹಳ ಶ್ರದ್ಧೆಯಿಂದ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಹಾಕಿದ್ದರು. ಅವರದು ತಪ್ಪಲ್ಲ, ನಿಯಮದಂತೆಯೇ ನಡೆದಿದ್ದರು. ಆದರೆ ನನ್ನ ಹೆಸರಿನ ಕೆಳಗೆ ಆ ಹಾಡುಗಳನ್ನು ಅಚ್ಚಿನಲ್ಲಿ ಕಂಡ ದಿನ ನನಗೆ ಊಟ ಸೇರಲಿಲ್ಲ. ಒಂದು ಸಾಲನ್ನೂ ಕಟ್ಟಲು ಬಾರದ ನಾನು ಆ ಹಾಡುಗಳ ಒಡತಿಯಂತೆ ನಿಂತಿದ್ದೆ, ಕಟ್ಟಿ ಕಾಪಾಡಿಕೊಂಡು ಬಂದವರು 'ಓರ್ವ ವೃದ್ಧೆ' ಆಗಿ ಉಳಿದಿದ್ದರು. ಹಳ್ಳಿಗೆ ಮತ್ತೆ ಹೋಗಿ ಕೇಳಿ ಹೆಸರು ತಿಳಿದುಕೊಂಡೆ, ಅಷ್ಟು ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನ್ನಲ್ಲಿರುವ ಪ್ರತಿಯಲ್ಲಿ ಪೆನ್ಸಿಲಿನಿಂದ ತಿದ್ದಿದ್ದೇನೆ. ಗ್ರಂಥಾಲಯದ ಪ್ರತಿಯಲ್ಲಿ ಅವರಿಗೆ ಇಂದಿಗೂ ಹೆಸರಿಲ್ಲ.

ಈ ತಪ್ಪನ್ನು ಯಾವ ತಂತ್ರಾಂಶವೂ ಹಿಡಿಯುತ್ತಿರಲಿಲ್ಲ. ಅಜ್ಜಿಯ ಹಾಡು ಎಲ್ಲಿಯೂ ಅಚ್ಚಾಗಿರಲಿಲ್ಲವಾದ್ದರಿಂದ ನನ್ನ ಪ್ರಬಂಧಕ್ಕೆ ಬರುತ್ತಿದ್ದ ಅಂಕಿ ಸೊನ್ನೆ.

ಹೆಸರು ಹೇಳುವುದೇ ಯಾವಾಗಲೂ ಸರಿ ಎಂದೂ ಅಲ್ಲ, ಇದನ್ನು ಬಿಡಿಸಿ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಶರಾವತಿಗೆ ಅಡ್ಡವಾಗಿ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಮನೆಮಠ ಕಳೆದುಕೊಂಡು ಬೇರೆಡೆ ನೆಲೆಸಿದ ಕುಟುಂಬಗಳಲ್ಲಿ ಅನೇಕರಿಗೆ ಉಳುವ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅಂಥ ಮನೆಯ ಯಜಮಾನರೊಬ್ಬರು ಜಗಲಿಯ ಮೇಲೆ ಕೂತು, ಕಾಫಿ ಕುಡಿಯುತ್ತ, ತಮ್ಮ ಜಮೀನಿನ ವಿಷಯವಾಗಿ ಮನಬಿಚ್ಚಿ ಹೇಳಿದ ಮಾತನ್ನು ಅವರ ಹೆಸರು, ಸರ್ವೆ ನಂಬರು ಸಮೇತ ಪ್ರಬಂಧದಲ್ಲಿ ಹಾಕಿದರೆ, ಅದು ನಾಳೆ ಶೋಧಗಂಗಾದಲ್ಲಿ ಜಗತ್ತಿಗೇ ತೆರೆದಿರುತ್ತದೆ. ಅಲ್ಲಿ ಹೆಸರು ಮರೆಸುವುದೇ ಧರ್ಮ. ಕಾಮಾಲೆಗೆ ಮದ್ದು ಕೊಡುವ ಹಿರಿಯರೊಬ್ಬರು ಗಿಡ ತೋರಿಸಿ, ಇದನ್ನು ಬರೆಯಬೇಡ ಎಂದು ಹೇಳಿದರೆ ಗಿಡದ ಹೆಸರನ್ನೇ ಬರೆಯುವಂತಿಲ್ಲ. ಸ್ಥಳೀಯರ ಇಂಥ ಜ್ಞಾನವನ್ನು ಗೌರವಿಸಿ ಕಾಪಾಡಬೇಕು ಎಂಬ ತತ್ತ್ವವನ್ನು 2002ರ ಜೈವಿಕ ವೈವಿಧ್ಯ ಕಾಯ್ದೆಯೂ ಒಪ್ಪಿದೆ. ಹಸೆ ಬರೆಯುವ ಹೆಂಗಸಿನ ಗೋಡೆಯ ಫೋಟೋ ತೆಗೆದರೆ ಅದರ ಕೆಳಗೆ 'ಛಾಯಾಚಿತ್ರ: ಸಂಶೋಧಕ' ಎಂದು ಮಾತ್ರ ಬರೆಯುವುದು ಅನ್ಯಾಯ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆದವರ ಹೆಸರು ಅವರು ಒಪ್ಪಿದರೆ ಮೊದಲು ಬರಬೇಕು. ಯಾವುದಕ್ಕೆ ಹೆಸರು, ಯಾವುದಕ್ಕೆ ಮೌನ ಎಂಬುದನ್ನು ತೀರ್ಮಾನಿಸಲು ಇರುವ ದಾರಿ ಒಂದೇ: ಕೇಳುವುದು. ಬರೆದದ್ದನ್ನು ಅವರಿಗೆ ಓದಿ ಹೇಳುವುದು. ಕೆಲಸಕ್ಕೆ ಬದಲು ಕೆಲಸವೆಂಬ ಮುಯ್ಯಾಳಿಗೆ ಬಂದವರು ಯಾರು, ಎಷ್ಟು ದಿನ ಬಂದರು ಎಂಬುದನ್ನು ಬರಹವಿಲ್ಲದೆಯೂ ತಲೆಮಾರಿನಿಂದ ನೆನಪಿಟ್ಟು ತೀರಿಸುವ ಜನ ನಾವು. ಅದೇ ಜನರ ಮಕ್ಕಳು ಪದವಿಗಾಗಿ ಪಡೆದದ್ದನ್ನು ಮರೆಯುವುದು ನನಗೆ ಅರ್ಥವಾಗದ ಸಂಗತಿ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಕೇಳಿದ ಕೂಡಲೇ ಅಚ್ಚುಕಟ್ಟಾದ ಪ್ಯಾರಾ ಬರೆದುಕೊಡುತ್ತದೆ, ಆಕರ ಕೇಳಿದರೆ ಆಕರವನ್ನೂ ಕೊಡುತ್ತದೆ. ಆ ಆಕರ ಕೆಲವೊಮ್ಮೆ ಲೋಕದಲ್ಲಿಯೇ ಇರುವುದಿಲ್ಲ. ದೊಡ್ಡ ವಿದ್ವಾಂಸರ ಹೆಸರು, ನಂಬುವಂಥ ಶೀರ್ಷಿಕೆ, ಪ್ರಕಟಣೆಯ ವರ್ಷ, ಪುಟ ಸಂಖ್ಯೆ ಎಲ್ಲವೂ ಇರುತ್ತವೆ, ಪುಸ್ತಕ ಮಾತ್ರ ಇರುವುದಿಲ್ಲ. ಇದುವರೆಗೆ ಇದ್ದ ಆಕರವನ್ನು ಮುಚ್ಚಿಡುವವರನ್ನು ಕಂಡಿದ್ದೆವು, ಈಗ ಇಲ್ಲದ ಆಕರವನ್ನು ತೋರಿಸುವ ಕಾಲ. ಇದಕ್ಕೆ ನನಗೆ ತಿಳಿದ ಮದ್ದು ಹಳೆಯದೇ: ಪಟ್ಟಿಯಲ್ಲಿರುವ ಯಾವುದಾದರೂ ಮೂರು ಪುಸ್ತಕಗಳನ್ನು ವಿದ್ಯಾರ್ಥಿ ಮಾರ್ಗದರ್ಶಕರ ಮುಂದೆ ತಂದು, ತಾನು ಉದ್ಧರಿಸಿದ ಪುಟವನ್ನು ತೆರೆದು ತೋರಿಸಲಿ. ಕಾಲು ಗಂಟೆಯ ಕೆಲಸ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರ ಡಿಸೆಂಬರಿನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಕಡ್ಡಾಯ ಮಾಡಿತು. ಆದರೆ ಅದು ಪಿಎಚ್‌.ಡಿ.ಗೆ ಸೇರಿದವರಿಗೆ. ಅಷ್ಟು ಹೊತ್ತಿಗೆ ಕೈ ಬಲಿತಿರುತ್ತದೆ. ಬಿ.ಎ. ಎರಡನೆಯ ವರ್ಷದಲ್ಲಿ ಗೈಡಿನಿಂದ ನಕಲು ಮಾಡಿದ ನಿಯೋಜಿತ ಕಾರ್ಯಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು ಕಳಿಸಿದ್ದು ನಾವೇ. ಅರವತ್ತು ಹಾಳೆಗಳ ಕಟ್ಟು ಮುಂದಿರುವಾಗ ಓದಲು ಪುರಸೊತ್ತಿಲ್ಲ ಎಂಬುದು ನಿಜ. ಅತಿಥಿ ಉಪನ್ಯಾಸಕರ ಮೇಲೆ ಇರುವ ಹೊರೆಯನ್ನು ನಾನು ಬಲ್ಲೆ. ಆದರೂ ಒಂದು ಪ್ಯಾರಾವನ್ನು ಕೊಟ್ಟು, ಅದನ್ನು ಉದ್ಧರಿಸುವುದು ಹೇಗೆ, ಸ್ವಂತ ಮಾತಿನಲ್ಲಿ ಸಂಗ್ರಹಿಸಿದಾಗಲೂ ಹೆಸರು ಹೇಳುವುದು ಹೇಗೆ, ಅದರ ಜೊತೆ ಜಗಳವಾಡುವುದು ಹೇಗೆ ಎಂದು ಪದವಿ ತರಗತಿಯಲ್ಲಿಯೇ ನಾಲ್ಕು ಬಾರಿ ಕೈ ಹಿಡಿದು ಮಾಡಿಸಿದರೆ ಮುಂದೆ ತಂತ್ರಾಂಶದ ಮುಂದೆ ನಿಂತು ನಡುಗುವ ಅಗತ್ಯ ಬೀಳುವುದಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ನಮ್ಮ ನೆಲದ ಸಂಸ್ಥೆಗೆ ನನ್ನದೊಂದು ವಿನಂತಿ: ಕನ್ನಡದ ಪ್ರಬಂಧಗಳಿಗೆ ಶೇಕಡಾವಾರು ವರದಿಯೊಂದನ್ನೇ ನಂಬದೆ, ಆಕರಗಳನ್ನು ಬಳಸಿದ ರೀತಿಯ ಬಗ್ಗೆ ಮಾರ್ಗದರ್ಶಕರು ಅರ್ಧ ಪುಟದಲ್ಲಿ ತಮ್ಮ ಅಭಿಪ್ರಾಯ ಬರೆದುಕೊಡುವ ಪದ್ಧತಿ ಬರಲಿ; ಕ್ಷೇತ್ರಕಾರ್ಯವಿರುವ ಪ್ರಬಂಧಗಳಲ್ಲಿ ವಕ್ತೃಗಳ ಒಪ್ಪಿಗೆಯ ವಿವರ ಕಡ್ಡಾಯವಾಗಲಿ; ಪ್ರಬಂಧಗಳೆಲ್ಲ ಯೂನಿಕೋಡಿನಲ್ಲಿಯೇ ಸಲ್ಲಿಕೆಯಾಗಲಿ.

ಪತ್ರಿಕೆಗಳಿಗೂ ಒಂದು ಮಾತು. ವಾರದ ಪುರವಣಿಗಳಲ್ಲಿ ಇಕ್ಕೇರಿ, ಬಳ್ಳಿಗಾವಿ, ಕವಲೇದುರ್ಗಗಳ ಮೇಲೆ ಬರುವ ಲೇಖನಗಳಲ್ಲಿ ಶಾಸನದ ಪಾಠ ಓದಿದವರ ಹೆಸರಾಗಲಿ, ಸ್ಥಳೀಯ ಇತಿಹಾಸವನ್ನು ಜೀವಮಾನವಿಡೀ ಕಲೆಹಾಕಿದವರ ಹೆಸರಾಗಲಿ ಇರುವುದು ಅಪರೂಪ. ಅಡಿಟಿಪ್ಪಣಿಗೆ ಪತ್ರಿಕೆಯಲ್ಲಿ ಜಾಗವಿಲ್ಲ ಎಂಬುದು ಗೊತ್ತು, 'ಇಂಥವರು ಗುರುತಿಸಿದಂತೆ' ಎಂಬ ಎರಡು ಪದಗಳಿಗೆ ಜಾಗವಿದೆ. ನಮ್ಮ ವಿದ್ಯಾರ್ಥಿಗಳು ಪ್ರಬಂಧ ಬರೆಯಲು ಮೊದಲು ಕತ್ತರಿಸಿಟ್ಟುಕೊಳ್ಳುವುದು ನಿಮ್ಮ ಪುರವಣಿಯ ಆ ಪುಟಗಳನ್ನೇ.

ಆ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಹಳೆಯ ಸಂಕಲನದ ಪೀಠಿಕೆಯಿಂದ ಎತ್ತಿಕೊಂಡ ಹನ್ನೊಂದು ಪುಟ ಈಗ ಉದ್ಧರಣೆ, ಅಡಿಟಿಪ್ಪಣಿ, ಅವಳದೇ ಎರಡು ಆಕ್ಷೇಪ ಎಲ್ಲ ಸೇರಿ ಐದು ಪುಟವಾಗಿದೆ. ಅಂಗಡಿಯಲ್ಲಿ 'ಚಿತ್ರಭಿತ್ತಿ' ಆಗಿದ್ದ ಹಸೆಗೋಡೆಯನ್ನು ಮತ್ತೆ ಹಸೆಗೋಡೆ ಮಾಡಿದ್ದಾಳೆ, ಬದಲಾಯಿಸಿದ್ದ ಬೇರೆ ಲೇಖಕರ ಸಾಲುಗಳನ್ನೂ ಇದ್ದಂತೆಯೇ ತಂದು ಚಿಹ್ನೆಯೊಳಗೆ ಇಟ್ಟಿದ್ದಾಳೆ. ಹಾಡು ಹೇಳಿದ ಒಂಬತ್ತು ಹೆಂಗಸರ ಮನೆಗೆ ಬಸ್ಸಿನಲ್ಲಿ ಹೋಗಿ ಕೇಳಿ ಬಂದಿದ್ದಾಳೆ. ಎಂಟು ಮಂದಿ ಹೆಸರು ಹಾಕು ಎಂದರಂತೆ, ಒಬ್ಬರು ಬೇಡ ಎಂದರಂತೆ. ಇಷ್ಟೆಲ್ಲ ಮಾಡಿದ ಮೇಲೆ ವರದಿ ತೆಗೆಸಿದರೆ ಹೋಲಿಕೆ 7 ಇದ್ದದ್ದು 13ಕ್ಕೆ ಏರಿದೆ, ಅವಳ ಕಣ್ಣಲ್ಲಿ ನೀರು. ಉದ್ಧರಣ ಚಿಹ್ನೆಯೊಳಗಿನದನ್ನೂ ಪರಾಮರ್ಶನ ಪಟ್ಟಿಯನ್ನೂ ಬಿಟ್ಟು ಲೆಕ್ಕ ಹಾಕುವ ಆಯ್ಕೆ ಇಂಥ ತಂತ್ರಾಂಶಗಳಲ್ಲಿ ಇರುತ್ತದೆ, 2018ರ ನಿಯಮಾವಳಿ ಹೇಳುವುದೂ ಅದನ್ನೇ. ವರದಿ ತೆಗೆದುಕೊಟ್ಟವರು ಅದನ್ನು ಒತ್ತಿಲ್ಲ. ಮುಂದಿನ ಸೋಮವಾರ ಅವಳು ಪ್ರಬಂಧ ಒಪ್ಪಿಸುತ್ತಾಳೆ. ಅವಳಂತೆ ಈ ವಾರ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿಕಾರಿಪುರಗಳ ಕಾಲೇಜುಗಳಲ್ಲಿ ಸಾಲಿನಲ್ಲಿ ನಿಲ್ಲುವ ಮಕ್ಕಳ ಕೈಯಿಂದ ವರದಿಯನ್ನು ತೆಗೆದುಕೊಳ್ಳುವವರು ಅಂಕಿಯನ್ನು ನೋಡುವ ಮೊದಲು ಆ ಒಂದು ಗುಂಡಿಯನ್ನು ಒತ್ತಿ, ಆಮೇಲೆ ಕೊನೆಯ ಅನುಬಂಧದ ಪುಟವನ್ನು ತೆರೆದು ನೋಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಕನ್ನಡ ಉಪನ್ಯಾಸಕಿ
ಸಾಗರ, ಶಿವಮೊಗ್ಗ ಜಿಲ್ಲೆ